ಹಾರ್ಟ್ ಆಪರೇಷನ್‌ಗೆ ಮುಂಚೆ ಕ್ರೋಮೋಸೋಮ್ ಟೆಸ್ಟ್ ಯಾಕೆ?

ಪ್ರಶ್ನೆ (ಒಬ್ಬ ತಾಯಿ, ಹಾಸನ): ನಮಸ್ಕಾರ ಮೇಡಂ. ಮಗಳಿಗೆ ಐದು ತಿಂಗಳು. ಅತ್ತರೆ ತುಟಿ, ಉಗುರು ನೀಲಿಯಾಗುತ್ತವೆ. ಹೃದಯದ ಸ್ಕ್ಯಾನ್ ಎಕೋದಲ್ಲಿ ಟೆಟ್ರಾಲಜಿ ಆಫ್ ಫ್ಯಾಲೋ, ಅಂದರೆ ಹುಟ್ಟಿನಿಂದಲೇ ಬಂದ ಹೃದಯದ ದೋಷ ಅಂತ ಬಂದಿದೆ. ಹಾಲು ಕುಡಿದರೆ ಅರ್ಧ ಮೂಗಿನಿಂದಲೇ ಬರುತ್ತದೆ. ಹುಟ್ಟಿದ ಮೂರನೇ ದಿನ ಫಿಟ್ಸ್ ಬಂದಿತ್ತು. ಈಗ 22ನೇ ಕ್ರೋಮೋಸೋಮಿನ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಸುಮ್ನೆ ದುಡ್ಡು ದಂಡ, ಮೊದಲು ಆಪರೇಷನ್ ಆಗಲಿ ಅನ್ನುತ್ತಾರೆ ಅತ್ತೆ. ಗ್ರಹಣದ ದಿನ ನಾನು ಹೊರಗೆ ಹೋಗಿದ್ದಕ್ಕೇ ಹೀಗಾಯಿತಂತೆ.

ಉತ್ತರ (ಮಕ್ಕಳ ಹೃದಯ ತಜ್ಞೆ): ಗ್ರಹಣದ ಮಾತು ಮನಸ್ಸಿನಿಂದ ತೆಗೆದುಬಿಡಿ ಅಮ್ಮಾ. ನಿಮ್ಮ ತಪ್ಪು ಏನೂ ಇಲ್ಲ.

ಹಾರ್ಟ್ ತೊಂದರೆ, ಮೂಗಿನಿಂದ ಹಾಲು, ಹುಟ್ಟಿದ ವಾರದಲ್ಲೇ ಫಿಟ್ಸ್. ಈ ಮೂರೂ ಒಂದೇ ಮಗುವಿನಲ್ಲಿ ಕಂಡರೆ ನಮಗೆ ಅನುಮಾನ ಬರುವುದು 22ಕ್ಯೂ11 ಡಿಲೀಷನ್ ಮೇಲೆ. ಡಿಜಾರ್ಜ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. 22ನೇ ಕ್ರೋಮೋಸೋಮಿನ ಒಂದು ಚೂರು ಇರುವುದಿಲ್ಲ. ಹೃದಯದ ದೊಡ್ಡ ರಕ್ತನಾಳಗಳು, ಅಂಗುಳ, ರೋಗನಿರೋಧಕ ಟಿ ಕಣಗಳನ್ನು ಬೆಳೆಸುವ ಥೈಮಸ್ ಗ್ರಂಥಿ, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿ ಎಲ್ಲದರ ಮೇಲೂ ಇದರ ಪೆಟ್ಟು ಬೀಳಬಹುದು. ಕ್ಯಾಲ್ಸಿಯಂ ಇಳಿದರೆ ಫಿಟ್ಸ್ ಬರಬಹುದು.

ಈ ಟೆಸ್ಟ್ ಆಪರೇಷನ್‌ನ ತಯಾರಿಯೇ. ಬ್ಲಡ್ ಬ್ಯಾಂಕಿನ ರಕ್ತ ಹೆಪ್ಪುಗಟ್ಟದಿರಲಿ ಅಂತ ಅದರಲ್ಲಿ ಸಿಟ್ರೇಟ್ ಇರುತ್ತದೆ. ಅದು ಮಗುವಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಮೊದಲೇ ಕ್ಯಾಲ್ಸಿಯಂ ಕಡಿಮೆ ಇದ್ದರೆ ಹೃದಯದ ಬಡಿತವೇ ಸೋಲಬಹುದು. ಥೈಮಸ್ ದುರ್ಬಲವಾಗಿದ್ದರೆ ಇನ್ನೊಂದು ಅಪಾಯ: ಕೊಟ್ಟ ರಕ್ತದ ಬಿಳಿ ಕಣಗಳು ಮಗುವಿನ ಮೈಮೇಲೇ ತಿರುಗಿ ಬೀಳಬಹುದು. ಅದಕ್ಕೇ ವಿಕಿರಣ ಹಾಯಿಸಿದ ರಕ್ತ ಬೇಕು. ಅದು ಎಲ್ಲ ಕಡೆ ಸಿಗುವುದಿಲ್ಲ, ಮುಂಚೆಯೇ ಹೇಳಿಟ್ಟಿರಬೇಕು.

ಕ್ರೋಮೋಸೋಮುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಸಾಮಾನ್ಯ ಕ್ಯಾರಿಯೋಟೈಪ್ ಟೆಸ್ಟ್‌ನಲ್ಲಿ ಇಷ್ಟು ಚಿಕ್ಕ ಚೂರು ಇಲ್ಲದಿರುವುದು ಗೊತ್ತಾಗದೆ ಹೋಗಬಹುದು. ಇಂಥ ಚಿಕ್ಕ ಕೊರತೆಯನ್ನೂ ಹಿಡಿಯುವ ಫಿಶ್ ಅಥವಾ ಮೈಕ್ರೋಅರೇ ಟೆಸ್ಟ್ ಅಂತ ಕೇಳಿ ಮಾಡಿಸಿ. ಆಪರೇಷನ್ ತುರ್ತಾಗಿದ್ದರೆ ರಿಪೋರ್ಟಿಗೆ ಕಾಯಬೇಡಿ. ಕಾಯಿಲೆ ಇದೆ ಅಂದುಕೊಂಡೇ ಎಚ್ಚರ ವಹಿಸಿ ಮಾಡುತ್ತಾರೆ. ಕ್ಯಾಲ್ಸಿಯಂ ಟೆಸ್ಟ್ ಮಾತ್ರ ಈಗಲೇ ಆಗಲಿ.

ಹಾಗೇ ಡಾಕ್ಟರ್ ಎದುರಿಗೇ ಒಮ್ಮೆ ಹಾಲು ಕುಡಿಸಿ ತೋರಿಸಿ. ಕೆಲವು ಮಕ್ಕಳಲ್ಲಿ ಅಂಗುಳ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಒಳಗೆ ಸ್ನಾಯು ಸೀಳಿರುತ್ತದೆ. ಎಷ್ಟೋ ಸಲ ಇದು ತಡವಾಗಿ ಗೊತ್ತಾಗುತ್ತದೆ, ಅದೇ ನನಗೆ ಬೇಸರ.

ಪ್ರಶ್ನೆ (ಅದೇ ತಾಯಿ): ತುಂಬಾ ಧೈರ್ಯ ಬಂತು ಮೇಡಂ. ಮುಂದಿನ ಮಗುವಿಗೂ ಬರುತ್ತಾ? ಲಸಿಕೆ ಹಾಕಿಸಬಹುದಾ?

ಉತ್ತರ: ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಇದು ಹೊಸದಾಗಿಯೇ ಆಗಿರುತ್ತದೆ, ಅಪ್ಪ ಅಮ್ಮನಿಂದ ಬಂದಿರುವುದಿಲ್ಲ. ಮಗಳಿಗೆ ಇದೆ ಅಂತಾದರೆ ನೀವಿಬ್ಬರೂ ಟೆಸ್ಟ್ ಮಾಡಿಸಿ. ನಿಮ್ಮಲ್ಲಿ ಒಬ್ಬರಿಗಿದ್ದರೆ ಪ್ರತಿ ಬಸಿರಿನಲ್ಲೂ ಬರುವ ಸಾಧ್ಯತೆ ಅರ್ಧಕ್ಕರ್ಧ. ರೋಟಾ, ದಡಾರದಂಥ ಜೀವಂತ ಲಸಿಕೆಗಳನ್ನು ಟಿ ಕಣಗಳ ಲೆಕ್ಕ ನೋಡಿ ಡಾಕ್ಟರ್ ಹೇಳಿದ ಮೇಲೆ ಹಾಕಿಸಿ. ಉಳಿದವನ್ನು ತಪ್ಪಿಸಬೇಡಿ.

ಇನ್ನೊಂದು ಮಾತು, ಮನೆಯವರಿಗೆಲ್ಲ ಹೇಳಿಕೊಡಿ. ಮಗು ಅಳುತ್ತಾ ಜಾಸ್ತಿ ನೀಲಿಯಾದರೆ ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿಯಿರಿ, ಸಮಾಧಾನ ಮಾಡಿ, ಹಾಗೇ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ.