ದೋಟಿ ಹಿಡಿದರೆ ಏದುಸಿರು, ಗೋಣಿ ಎತ್ತುವಾಗ ಉಸಿರು ಕಟ್ಟಬೇಕಾ ಬಿಡಬೇಕಾ?

ಪ್ರಶ್ನೆ: ಮೇಡಂ, ಬದಿಯಡ್ಕ ಹತ್ತಿರ ನಮ್ಮ ಅಡಿಕೆ ತೋಟ. ಮರ ಹತ್ತುವವರು ಸಿಗುವುದಿಲ್ಲ, ಹಾಗಾಗಿ ಕೊಯ್ಲು, ಮದ್ದು ಬಿಡುವುದು ಎಲ್ಲ ಈಗ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದದ ಕೋಲು) ನಾನೇ. ಸ್ವಲ್ಪ ಹೊತ್ತಿಗೇ ಕುತ್ತಿಗೆ, ಸೊಂಟ ಹಿಡಿಯುತ್ತದೆ, ಏದುಸಿರು ಬೇರೆ. ಗುಡ್ಡ ಹತ್ತಿದರೂ ಇಷ್ಟು ಏದುಸಿರಿಲ್ಲ! ಇನ್ನೊಂದು, ಗೋಣಿ ಎತ್ತುವಾಗ ಉಸಿರು ಬಿಡಬೇಕು ಅಂತ ಜಿಮ್‌ಗೆ ಹೋಗುವ ಮಗ ಹೇಳುತ್ತಾನೆ. ನಾನು ಉಸಿರು ಕಟ್ಟಿಯೇ ಎತ್ತುವುದು. ಬಿಪಿ ಮಾತ್ರೆ ಉಂಟು.

ಫಿಸಿಯೋಥೆರಪಿಸ್ಟ್: ಅಣ್ಣಾ, ಮೊದಲು ದೋಟಿ. ಉಸಿರಾಟದ ಮುಖ್ಯ ಸ್ನಾಯು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯು (ಡಯಾಫ್ರಮ್). ಅದು ಕೆಳಗಿನ ಪಕ್ಕೆಲುಬುಗಳಿಗೂ ಸೊಂಟದ ಮೇಲ್ಭಾಗದ ಬೆನ್ನುಮೂಳೆಗೂ ಅಂಟಿಕೊಂಡಿದೆ. ನೀವು ಕೈ ಮೇಲೆತ್ತಿ, ತಲೆ ಹಿಂದಕ್ಕೆ ಹಾಕಿ ಗೊನೆ ನೋಡುವಾಗ ಎದೆಗೂಡು ಮೇಲೇಳುತ್ತದೆ, ಸೊಂಟ ಹಿಂದಕ್ಕೆ ಬಾಗುತ್ತದೆ, ಆಗ ವಪೆಗೆ ಸರಿಯಾಗಿ ಕೆಲಸ ಮಾಡಲು ಆಗುವುದಿಲ್ಲ. ಆ ಕೆಲಸಕ್ಕೆ ಕುತ್ತಿಗೆಯ ಸ್ನಾಯುಗಳು ಬರುತ್ತವೆ, ಆದರೆ ಅವು ಆಗಲೇ ತಲೆ, ಭುಜ ಹಿಡಿಯುವುದರಲ್ಲಿ ಸುಸ್ತಾಗಿವೆ. ಗುಡ್ಡ ಹತ್ತುವಾಗ ಈ ತಾಪತ್ರಯ ಇಲ್ಲ ಅಲ್ವಾ, ಕೈ ಕೆಳಗೇ ಇರುತ್ತದೆ.

ಮರದ ಬುಡಕ್ಕೆ ತೀರಾ ಹತ್ತಿರ ನಿಲ್ಲಬೇಡಿ, ದೂರ ನಿಂತಷ್ಟೂ ಕುತ್ತಿಗೆ ಕಡಿಮೆ ಬಾಗುತ್ತದೆ. ಒಂದು ಕಾಲು ಮುಂದೆ ಇಡಿ. ಗೊನೆ ಎಳೆಯುವ ಮೊದಲು ಬಾಯಲ್ಲಿ ಉದ್ದಕ್ಕೆ ಉಸಿರು ಬಿಡಿ, ಪಕ್ಕೆಲುಬು ಕೆಳಗಿಳಿಯುತ್ತದೆ. ಹಾಗೇ ನಿಂತು ಎಳೆಯಿರಿ. ಎರಡು ಮರದ ನಡುವೆ ದೋಟಿ ಇಳಿಸಿ, ಸುಮ್ನೆ ಎತ್ತಿ ಹಿಡಿದುಕೊಂಡೇ ನಡೆಯಬೇಡಿ.

ಗೋಣಿ ವಿಷಯದಲ್ಲಿ ನಿಮ್ಮ ಮಗನ ಮಾತು ನಿಮ್ಮ ಮಟ್ಟಿಗೆ ಸರಿ. ಉಸಿರು ಕಟ್ಟಿದರೆ ಹೊಟ್ಟೆಯೊಳಗೆ ಒತ್ತಡ ಏರಿ ಬೆನ್ನುಮೂಳೆಗೆ ಆಧಾರ ಸಿಗುವುದು ನಿಜ, ಭಾರ ಎತ್ತುವ ಕ್ರೀಡಾಪಟುಗಳು ಅದನ್ನೇ ಮಾಡುತ್ತಾರೆ. ಆದರೆ ಆ ಕ್ಷಣ ಬಿಪಿಯೂ ಜೋರಾಗಿ ಏರುತ್ತದೆ. ಮಾತ್ರೆ ತಿನ್ನುವವರಿಗೆ ಅದು ಬೇಡ. ಗೋಣಿ ದೇಹಕ್ಕೆ ಅಂಟಿಸಿ, ಹೊಟ್ಟೆ ಬಿಗಿ ಮಾಡಿ, ಏಳುವಾಗ ‘ಸ್ಸ್’ ಅಂತ ಸಣ್ಣಗೆ ಉಸಿರು ಬಿಡುತ್ತಾ ಏಳಿ. ಅಷ್ಟಕ್ಕೂ ಏಳದ ಗೋಣಿ ಇಬ್ಬರು ಎತ್ತಬೇಕಾದ ಗೋಣಿ.

ಎದೆ ಬಿಗಿತ, ತಲೆ ಸುತ್ತು, ಕೈ ಜೋಮು ಇದ್ದರೆ ಮಾತ್ರ ನನ್ನ ಉತ್ತರ ಓದುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನೊಬ್ಬರು: ಮೇಡಂ, ಏದುಸಿರು ಬಂದಾಗ ಬಗ್ಗಿ ಮೊಣಕಾಲಿಗೆ ಕೈ ಕೊಟ್ಟರೆ ನಮ್ಮ ಕಬಡ್ಡಿ ಕೋಚ್ ಬೈಯುತ್ತಿದ್ದರು. ತಲೆ ಮೇಲೆ ಕೈ ಇಡು ಅಂತ. ಯಾವುದು ಸರಿ?

ಫಿಸಿಯೋಥೆರಪಿಸ್ಟ್: ಬಗ್ಗುವುದೇ ಒಳ್ಳೆಯದು ಮಾರಾಯ್ರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಾಲೇಜು ಫುಟ್‌ಬಾಲ್ ಆಟಗಾರ್ತಿಯರನ್ನು ಓಡಿಸಿ ಎರಡೂ ಭಂಗಿ ಹೋಲಿಸಿದ್ದರು. ಮೊಣಕಾಲಿಗೆ ಕೈ ಕೊಟ್ಟಾಗಲೇ ಎದೆಬಡಿತ ಬೇಗ ಇಳಿಯಿತು. ಸೋತವರ ಹಾಗೆ ಕಾಣುತ್ತದೆ ಅಂತ ಕೋಚ್‌ಗಳಿಗೆ ಇಷ್ಟವಿಲ್ಲ, ಅಷ್ಟೇ.