ಹಿಂದೆ ರಕ್ತ ಕೊಟ್ಟು ಈಗ ನಿಲ್ಲಿಸಿರುವವರನ್ನು ಮತ್ತೆ ಕರೆತರುವುದು ಹೇಗೆ?

ಪ್ರಶ್ನೆ (ಶಿಬಿರ ಸಂಘಟಕ, ದಾವಣಗೆರೆ):
ಗೆಳೆಯರೊಡನೆ ಸೇರಿ ರಕ್ತದಾನ ಶಿಬಿರಗಳನ್ನು ನಡೆಸುತ್ತಿದ್ದೇನೆ. ನಮ್ಮ ನೋಂದಣಿ ಪುಸ್ತಕದ ಬಹುಪಾಲು ಹೆಸರುಗಳು ಕಾಲೇಜಿನ ದಿನಗಳಲ್ಲಿ ಒಂದೆರಡು ಬಾರಿ ರಕ್ತ ಕೊಟ್ಟು, ಆಮೇಲೆ ಕೆಲಸ, ಸಂಸಾರ ಎಂದು ಚದುರಿಹೋದವರದು. ಏಪ್ರಿಲ್-ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆಯಾಗಿ ರಕ್ತದ ಕೊರತೆ ಕಾಡುವಾಗ ಇವರೆಲ್ಲರಿಗೂ ವಾಟ್ಸಾಪ್‌ನಲ್ಲಿ ಒಂದೇ ಸಂದೇಶ ಕಳಿಸುತ್ತೇವೆ. ಉತ್ತರ ಬರುವುದೇ ಅಪರೂಪ. ಇವರ ಮನಸ್ಸು ಮುಟ್ಟುವ ದಾರಿ ಯಾವುದು?

ಉತ್ತರ 1 (ಎಂಟು ವರ್ಷ ದೂರವಿದ್ದ ದಾನಿ):
ನಾನು ನಿಲ್ಲಿಸಿದ್ದು ಮನಸ್ಸಿಲ್ಲದೆ ಅಲ್ಲ. ಎರಡನೆಯ ಬಾರಿ ಹೋದಾಗ ಬೆರಳಿಗೆ ಚುಚ್ಚಿ, ರಕ್ತದ ಹನಿಯನ್ನು ನೀಲಿ ದ್ರಾವಣಕ್ಕೆ ಬಿಟ್ಟರು. ಹನಿ ಮುಳುಗದೆ ತೇಲಿತು, ಅಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಸಾಲದು ಎಂದರ್ಥ. “ನಿಮಗೆ ಆಗಲ್ಲಮ್ಮ” ಎಂದು ಹೇಳಿ ಮುಂದಿನವರನ್ನು ಕರೆದರು. ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕೆಂದಾಗಲಿ, ವೈದ್ಯರ ಸಲಹೆಯಂತೆ ಕಬ್ಬಿಣಾಂಶ ಹೆಚ್ಚಿಸಿಕೊಂಡು ಮತ್ತೆ ಬರಬಹುದೆಂದಾಗಲಿ ಯಾರೂ ತಿಳಿಸಲಿಲ್ಲ. ನನ್ನ ರಕ್ತ ಯಾರಿಗೂ ಬೇಡವಾದದ್ದು ಎಂದೇ ಎಂಟು ವರ್ಷ ನಂಬಿಕೊಂಡಿದ್ದೆ. ಹೋದ ವರ್ಷ ಗೆಳತಿಯೊಬ್ಬಳು ಜೊತೆಗೆ ಕರೆದೊಯ್ದಾಗ ಹನಿ ನೇರವಾಗಿ ತಳಕ್ಕಿಳಿಯಿತು. ಆ ಸಂತೋಷವನ್ನು ಮರೆಯಲಾರೆ.

ಉತ್ತರ 2 (ರಕ್ತಕೇಂದ್ರದ ತಂತ್ರಜ್ಞ):
ಮೇಲಿನ ಸಹೋದರಿ ಹೇಳಿದ್ದೇ ಈ ವಿಷಯದ ತಿರುಳು. ವಾಪಸು ಕಳಿಸುವಾಗ ಕಾರಣವನ್ನೂ ಮತ್ತೆ ಬರಬಹುದಾದ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಕೊಡುವುದು ನಮ್ಮ ಕರ್ತವ್ಯ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ಕಾಯಬೇಕಷ್ಟೆ. ಆರೋಗ್ಯವಂತ ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ಕೊಡಬಹುದು; ಹಳೆಯ ದಾನಿಗಳಿಗೆ 65 ವರ್ಷದವರೆಗೂ ಅವಕಾಶವಿದೆ. ಇನ್ನೊಂದು ಮಾತು: ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನದಂದು ನೂರಾರು ಜನರನ್ನು ಸೇರಿಸಿದರೂ ಆ ರಕ್ತ ಮೇ ತಿಂಗಳಿಗೆ ಉಳಿಯುವುದಿಲ್ಲ, ಏಕೆಂದರೆ ಕೆಂಪು ರಕ್ತಕಣಗಳ ಬಾಳಿಕೆ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳದು ಐದೇ ದಿನ. ಆದ್ದರಿಂದ ಹಳೆಯ ದಾನಿಗಳನ್ನು ತಿಂಗಳಿಗಿಷ್ಟು ಜನರಂತೆ ಹಂಚಿಕೊಂಡು, ಒಬ್ಬೊಬ್ಬರಿಗೂ ಹೆಸರು ಹಿಡಿದು ಫೋನ್ ಮಾಡಿ.

ಉತ್ತರ 3 (ತಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಗುವಿನ ತಂದೆ):
ನನ್ನ ಮಗಳಿಗೆ ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಅಪಘಾತದ ಸುದ್ದಿ ಬಂದಾಗ ಜನ ಓಡಿ ಬರುತ್ತಾರೆ, ಅದು ದೊಡ್ಡ ಗುಣ. ಆದರೆ ನಮ್ಮ ಅಗತ್ಯ ಸುದ್ದಿಯಾಗುವುದಿಲ್ಲ, ನಿಲ್ಲುವುದೂ ಇಲ್ಲ. ರಕ್ತ ಏರುತ್ತಿದ್ದಂತೆ ಅವಳ ಬಿಳುಚಿದ ತುಟಿಗೆ ಬಣ್ಣ ಮರಳುತ್ತದೆ, ಸಂಜೆಗೆ ತಾನಾಗಿಯೇ ತಿಂಡಿ ಕೇಳುತ್ತಾಳೆ. ನೀವು ಫೋನ್ ಮಾಡುವಾಗ ಇದನ್ನು ದಯವಿಟ್ಟು ಹೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಪುಸ್ತಕದಲ್ಲಿ ವಾಪಸು ಹೋದವರ ಹೆಸರಿನ ಮುಂದೆ ಕಾರಣವನ್ನೂ ಬರೆದಿದ್ದೇವೆ. ಇಷ್ಟು ವರ್ಷ ಅದನ್ನು ಓದಿಯೇ ಇರಲಿಲ್ಲ. ಈ ಭಾನುವಾರ ಅವರಿಂದಲೇ ಆರಂಭಿಸುತ್ತೇನೆ.