ಅನ್ನ ಕಡಿಮೆ ಮಾಡಿ ಸಿರಿಧಾನ್ಯ ರೂಢಿ ಮಾಡ್ಕೊಂಡವರು ಹೇಳಿ

ಬೆಂಗಳೂರಿನಿಂದ ಕೇಳಿದ್ದು: ಮಾವನವರಿಗೆ ಶುಗರ್. ಅನ್ನ ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರ್. ನವಣೆ, ಸಾಮೆ, ಕೊರಲೆ ಎಲ್ಲಾ ತಂದಿಟ್ಟಿದ್ದೀನಿ. ನವಣೆ ಅನ್ನ ಗಂಟಲಲ್ಲಿ ಇಳಿಯಲ್ಲ ಅಂತಾರೆ ಮಾವ, ಮಕ್ಕಳಂತೂ ತಟ್ಟೆ ತಳ್ತಾವೆ. ಏನು ಮಾಡೋದು?

ತುಮಕೂರಿನಿಂದ:
ನವಣೆ ಸದ್ಯಕ್ಕೆ ಪಕ್ಕಕ್ಕಿಡಿ, ಸಾಮೆಯಿಂದ ಶುರು ಮಾಡಿ. ಅನ್ನ ತಿಂದು ಬೆಳೆದ ನಾಲಿಗೆಗೆ ಬೇಗ ಒಗ್ಗೋದು ಅದೇ. ಅರ್ಧ ಗಂಟೆಯಾದ್ರೂ ನೆನೆಸಿ, ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಬೇಯಿಸಿ, ಬಿಸಿಯಲ್ಲೇ ಬಡಿಸಿಬಿಡಿ. ಆರಿದ್ರೆ ಉದುರುದುರಾಗಿ ಬಿರುಸಾಗುತ್ತೆ, ಗಂಟಲು ಹಿಡಿಯೋದು ಅದಕ್ಕೇ. ಕೊರಲೆ ನಮ್ಮ ಸೀಮೆ ಧಾನ್ಯ, ನಾರು ಜಾಸ್ತಿ. ಅದನ್ನ ರಾತ್ರಿಯೇ ನೆನೆಹಾಕಿ.

ಸಪ್ಪೆ ಅನ್ನ ಮಾಡಿ ತಿಳಿಸಾರು ಹಾಕಿದ್ರೆ ಯಾರೂ ತಿನ್ನಲ್ಲ, ನಾನೂ ತಿನ್ನಲ್ಲ. ಸಾಮೆಗೆ ಮೊಸರನ್ನ, ಪೊಂಗಲ್. ನವಣೆಗೆ ಬಿಸಿಬೇಳೆಬಾತ್, ತರಕಾರಿ ಉಪ್ಪಿಟ್ಟು. ಊದಲು ಸಿಕ್ಕರೆ ದೋಸೆಗೆ ಹಾಕಿ: ಮೂರು ಪಾಲು ಊದಲಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ಮಕ್ಕಳಿಗೆ ಗೊತ್ತೂ ಆಗಲ್ಲ. ಕೊಳ್ಳುವಾಗ ತೀರಾ ಬೆಳ್ಳಗೆ, ನುಣ್ಣಗೆ ಇರೋದು ಬೇಡ. ಪಾಲಿಶ್‌ನಲ್ಲಿ ತೌಡು ಹೋದ್ರೆ ನಾರೂ ಅದರ ಜೊತೆಗೇ ಹೋಯ್ತು.

ವಿಜಯಪುರದಿಂದ:
ಅಕ್ಕಾರ, ನೀವೆಲ್ಲಾ ಪಾಕೀಟಿನ ಹಿಂದ ಯಾಕ ಬಿದ್ದೀರಿ? ಜ್ವಾಳ, ಸಜ್ಜಿ ಇವೂ ಅದೇ ಬಳಗದವು. ರಾತ್ರಿ ಅನ್ನ ಬಿಟ್ಟು ಎರಡು ಬಿಸಿ ಜ್ವಾಳದ ರೊಟ್ಟಿ, ಕಾಳಪಲ್ಯ ಕೊಡ್ರಿ. ಹಿಟ್ಟು ನಾದೂವಾಗ ಕುದಿಯೋ ನೀರು ಹಾಕ್ರಿ, ಇಲ್ಲಂದ್ರ ಬಡಿಯೂವಾಗ ಹರೀತದ. ಇದರಾಗ ಗೋಧಿಯಾಗಿನ ಅಂಟು, ಅಂದ್ರ ಗ್ಲುಟೆನ್, ಇರೂದಿಲ್ಲ, ಬಿಸಿನೀರೇ ಅಂಟು ಕೊಡೂದು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡಿ ನೋಡ್ರಿ, ಮಾವನವರು ಮತ್ತ ಕೇಳ್ತಾರ. ಸಜ್ಜಿ ಹಿಟ್ಟು ಮಾತ್ರ ಭಾಳ ದಿನ ಇಡಬ್ಯಾಡ್ರಿ. ಅದರಾಗ ಎಣ್ಣಿ ಅಂಶ ಹೆಚ್ಚು, ಲಗೂನ ಕಮಟು ಹಿಡದು ಕಹಿ ಆಗ್ತದ.

ಮಂಡ್ಯದಿಂದ:
ಎಲ್ಲಾ ಹೇಳಿದ್ರಿ, ರಾಗಿ ಬಿಟ್ಟುಬಿಟ್ರಲ್ಲ! ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ಅನ್ನೋ ತಳಿ ಕೊಟ್ಟ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ, ನಮ್ಮೂರ ಹತ್ರಾನೇ ಇರೋದು, ಸುಮ್ನೆ ಇರೋಕಾಯ್ತದಾ. 100 ಗ್ರಾಂ ರಾಗೀಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಐತೆ. ಅಷ್ಟೇ ಹಾಲಲ್ಲಿ 120ರ ಆಸುಪಾಸು. ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ ಒಣಗಿಸಿ ಬೀಸಿಸಿ. ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿಕೊಡಿ, ಬ್ಯಾಡ ಅನ್ನಲ್ಲ.

ಶುಗರ್ ಇರೋರಿಗೆ ನೀರುನೀರಾದ ರಾಗಿ ಗಂಜಿ ಕುಡಿಸಬ್ಯಾಡಿ. ನುಣ್ಣನೆ ಹಿಟ್ಟು, ಗಟಗಟ ಇಳೀತದೆ, ಸಕ್ಕರೆನೂ ಬೇಗ ಏರ್ತದೆ. ಕಿತ್ತಳೆ ಗಾತ್ರದ ಒಂದೇ ಮುದ್ದೆ, ಬಸ್ಸಾರು, ಜೊತೆಗೆ ಆ ಬಸಿದ ಸೊಪ್ಪು ಕಾಳಿನ ಪಲ್ಯ ಕೈತುಂಬ. ಮುದ್ದೆ ಎರಡಾದ್ರೆ ಲೆಕ್ಕ ತಪ್ಪಿತು.

ಮೈಸೂರಿನಿಂದ, ಆಹಾರ ಸಲಹೆ ಕೊಡುವ ಕೆಲಸದಲ್ಲಿರುವವರು:
ಮಂಡ್ಯದವರ ಮಾತಿಗೆ ನನ್ನದೂ ಒಪ್ಪಿಗೆ. ಸಿರಿಧಾನ್ಯ ಅಂದ ತಕ್ಷಣ ಎಷ್ಟು ಬೇಕಾದರೂ ತಿನ್ನಬಹುದು ಅನ್ನೋದು ಸುಳ್ಳು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ನವಣೆಯಲ್ಲಿ 60ರ ಮೇಲಿದೆ. ನಾರು, ಪ್ರೋಟೀನ್ ಹೆಚ್ಚಿರೋದರಿಂದ ಅನುಕೂಲವಿದೆ, ಆದರೆ ಅಳತೆ ಬಿಡುವ ಹಾಗಿಲ್ಲ. ಮಾವನವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಿಸುವ ಮುಂಚೆ ಡಾಕ್ಟರಿಗೆ ಹೇಳಿ. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಶುಗರ್ ಮೀಟರ್‌ನಲ್ಲಿ ನೋಡಿದರೆ ಯಾವ ಧಾನ್ಯ ಅವರಿಗೆ ಹೊಂದುತ್ತದೆ ಅಂತ ತಿಳಿಯುತ್ತೆ. ಊಟದ ಜೊತೆಗೆ ಟೀ ಬೇಡ, ನಿಂಬೆಹಣ್ಣು ಹಿಂಡಿ. ಧಾನ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತುತ್ತದೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದ್ದರೆ ಸಜ್ಜೆಯನ್ನು ದಿನವೂ ಮಾಡಬೇಡಿ.

ಬೆಂಗಳೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತೇ ಸಾಮೆ ನೆನೆಹಾಕ್ತೀನಿ. ನವಣೆ ತುಂಬಾ ಇದೆಯಲ್ಲ, ಹುಳ ಬೀಳುತ್ತಾ?

ತುಮಕೂರಿನಿಂದ:
ತೌಡಿರೋದಾದ್ರೆ ಬೇಗ ಬೀಳುತ್ತೆ. ಫ್ರಿಜ್ಜಲ್ಲಿಡಿ. ಅದರಲ್ಲಿ ಅರ್ಧ ಪಾಲು ಹುರಿದು ಹಿಟ್ಟು ಮಾಡಿಸಿ, ಬೆಲ್ಲ ತುಪ್ಪ ಹಾಕಿ ತಂಬಿಟ್ಟು ಕಟ್ಟಿ. ಮಾವನವರ ಕೈಗೆ ಡಬ್ಬ ಸಿಗದ ಹಾಗೆ ನೋಡ್ಕೊಳ್ಳಿ ಅಷ್ಟೆ.